ತುಟಿ ಓದೋ ಓಣಿ

ಬನಹಟ್ಟಿಯ ಮಗ್ಗದ ಮಂದಿಗೆ
ನಲವತ್ತು ದಾಟೂದ್ರಾಗ ಕಿವಿ ಅರ್ಧ ಹೋಗಿರತಾವ.
ಖಟಖಟ ಅಂತ ಬರದ್ರ ಸುಳ್ಳಾಗತೈತಿ,
ಅದು ಸಪ್ಪಳ ಅಲ್ಲ, ಒಂಥರಾ ಹವಾಮಾನ.
ಅದರೊಳಗ ನಾವು ಮಾತಾಡೂದು ತುಟೀಲೆ:
ಕಂಡಿಕಿ ಮುಗದಾವ. ಚಾ ತಾ. ಸೇಟ ಬಂದ.
ದಸ್ತಗೀರ ಆ ತುದೀಲಿಂದ ಬೈದ್ರ
ಈ ತುದ್ಯಾಗ ನಾ ತಿರುಗಿ ಬೈತೀನಿ,
ನಡುವ ಇಪ್ಪತ್ನಾಲ್ಕು ಮಗ್ಗ,
ಒಂದಕ್ಷರ ತಪ್ಪೂದಿಲ್ಲ.

ನಮ್ಮಪ್ಪ ಮುರಿಗೆಪ್ಪ ಸಾಯೂತನಕ ಒಂದ ಗುರ್ತಿಗೆ ಒತ್ತಿದಾವ.
ಯಾಕಪಾ ಅಂದ್ರ, "ನೀ ಹುಟ್ಟಿದ ವರ್ಷ ಅವರು ನೂಲು ಕೊಟ್ರು."
ಆ ನೂಲಿನ ಸೀರಿ ಹರದು ಕೌದಿ ಆತು,
ಕೌದಿ ಹರದು ಎಣ್ಣಿ ಒರಸೋ ಅರಬಿ ಆತು,
ಋಣ ಮಾತ್ರ ಹರೀಲಿಲ್ಲ.
ನಾವೂ ಒತ್ತಕೋತ ಬಂದ್ವಿ, ಓಣಿಗೆ ಓಣಿನ.

ಮತ ಕೇಳಾವ್ರು ಕರೆಂಟ್ ಹೋದಾಗ ಬರಬೇಕು,
ಭಾಷಣ ಕೇಳಸಬೇಕಲ್ಲ.
ಅವತ್ತ ಅವ ಕರೆಂಟ್ ಇದ್ದಾಗ ಬಂದ.
ಯಾರೂ ಮಗ್ಗ ನಿಲ್ಲಿಸಲಿಲ್ಲ. ಮಜೂರಿ ಮೀಟರಿನ ಲೆಕ್ಕ.
ಬಾಗಲದಾಗ ನಿಂತು ಕೈ ಮುಗದ, ನಕ್ಕ.
ನಗು ಹಂಗ ಇಟಗೊಂಡು ಪಕ್ಕದವನ ಕಿವ್ಯಾಗ ಅಂದ:
"ಇವು ನಮ್ಮ ಗೂಟದ ದನ, ಎಲ್ಲಿ ಹೋಗ್ತಾವ.
ಮುಂದಿನ ಓಣಿಗೆ ನಡಿ."

ಆ ಗದ್ದಲದಾಗ ಯಾರಿಗೆ ಕೇಳತೈತಿ ಅಂದಕೊಂಡಿರಬೇಕು.
ಖರೇನ, ಯಾರಿಗೂ ಕೇಳಲಿಲ್ಲ.
ಹನ್ನೊಂದು ಮಂದಿ ಓದಿದ್ವಿ.
ಶಂಕರೆವ್ವ ಹರದ ಎಳಿ ಗಂಟ ಹಾಕಿದಳು, ಅಷ್ಟ.

ಆ ಸಲ ಓಣಿ ತಿರಗಿತು.
ಹೊಸಬರ ಶಲ್ಯ ಹೆಗಲಿಗೆ ಬಿದ್ದಾಗ
ಬೆರಳ ನಡುವ ಹಿಡದು ತಿಕ್ಕಿ ನೋಡಿದೆ.
ಸೂರತ್ ಮಾಲು. ತೊಳದ್ರ ಬಣ್ಣ ಬಿಡತೈತಿ.
ಗೊತ್ತಿದ್ದೂ ಒತ್ತಿದೆ. ಗೆದ್ದ.
ಪೇಪರಿನ್ಯಾಗ ಬರದ್ರು, ನೇಕಾರರು ನಿಷ್ಠೆ ಬದಲಿಸಿದರು.
ನಿಷ್ಠೆ ಅಂದ್ರ ಏನ ಅಂತ ದಸ್ತಗೀರ ಕೇಳಿದ,
"ದಾವಣಿ" ಅಂದೆ. ಹೊಟ್ಟಿ ಹಿಡಕೊಂಡು ನಕ್ಕ.

ಈಗ ಮತ್ತ ಬಂದೈತಿ.
ಗೆದ್ದಾವ ಬುದ್ಧಿವಂತ, ಯಾರೋ ಹೇಳಿಕೊಟ್ಟಾರ:
ನಮ್ಮ ಬಾಗಲದಾಗ ಬಾಯಿಗೆ ಕರವಸ್ತ್ರ ಹಿಡದು
ಪಕ್ಕದವನ ಕೂಡ ಮಾತಾಡತಾನ.
ಧೂಳು ಭಾಳ ರೀ, ಅಂತಾನ.
ಇದ್ರೂ ಇರಬಹುದು, ಹತ್ತಿ ಧೂಳು ಇರೂದ ಖರೆ.

ಅವ ಹ್ವಾದಮ್ಯಾಲ ದಸ್ತಗೀರ
ಆ ತುದೀಲಿಂದ ತುಟಿ ಆಡಿಸಿದ:
ಈ ಸಲ ಯಾರಿಗೆ?
ನಾ ಶಂಕರೆವ್ವನ ಕಡೆ ನೋಡಿದೆ.
ರಾಟಿ ತಿರುವಕೋತ ಆಕಿ
ಸೆರಗು ಬಾಯಿಗೆ ಎಳಕೊಂಡಳು.
ಏನೋ ಅಂದಳು.
ಸೆರಗು ಅಲ್ಲಾಡಿತು.