ಬಾಕಿ ಒಂದು ಇಂಚು

ಟೈಲ್ಸ್ ಅಂಗಡಿಯ ಚೌಧರಿ
ಕನ್ನಡಿಯಂಥದೊಂದನ್ನು ಎತ್ತಿ ಗೋಡೆಗೆ ಆನಿಸಿಟ್ಟ.
ಅದರೊಳಗೆ ಟ್ಯೂಬ್‌ಲೈಟು, ಫ್ಯಾನು,
ಖಾಕಿ ಅಂಗಿಯ ನಾನು.
"ಈಗ ಇದೇ ಹೋಗ್ತಿರೋದು ಮೇಡಂ, ಎರಡು ಬೈ ನಾಲ್ಕು."
ಅದು ಹೋಗುತ್ತೆ, ಸರಿ.
ಅದರ ಮೇಲಿಟ್ಟ ಕಾಲು ಎಲ್ಲಿಗೆ ಹೋಗುತ್ತೆ ಅಂದೆ.

ಹದಿನಾಲ್ಕು ವರ್ಷ ಹೊಳಲ್ಕೆರೆ ಗಾಡಿಯಲ್ಲಿ ಟಿಕೆಟ್ ಹರಿದವಳು.
ಹತ್ತುವಾಗ ಬಿದ್ದವರು ಕಡಿಮೆ.
ಇಳಿಯುವಾಗಲೇ, ಅದೂ ಕೊನೆಯ ಮೆಟ್ಟಿಲಲ್ಲಿ,
ಇನ್ನೇನು ನೆಲ ಸಿಕ್ಕಿತು ಅಂದುಕೊಂಡಾಗ.

ಮಗ್ಗಿನಲ್ಲಿ ನೀರು ತರಿಸಿದೆ. ಮಾದರಿಗಳನ್ನು ನೆಲಕ್ಕೆ ಹಾಸಿಸಿ,
ನೀರು ಸುರಿದು, ಶೂ ಕಳಚಿ,
ಕಾಲುಚೀಲ ಜೇಬಿಗೆ ತುರುಕಿ
ಒಂದೊಂದರ ಮೇಲೂ ನಿಂತೆ.
ಕನ್ನಡಿ ಜಾರಿತು. ಹಾಲುಬಿಳಿ ಜಾರಿತು.
ಮೈಮೇಲೆ ಮರದ ಗೆರೆ ಬರೆಸಿಕೊಂಡದ್ದು
ಮರವೂ ಆಗಲಿಲ್ಲ, ಕಲ್ಲೂ ಆಗಲಿಲ್ಲ.
ಕಡಪ ಹಿಡಿಯಿತು; ಆದರೆ ನಿಂಬೆರಸದ ಒಂದೇ ಹನಿಗೆ
ಅದಕ್ಕೆ ಜನ್ಮವಿಡೀ ಮುನಿಸು.
ಕೊನೆಗೆ ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ
ಬೂದಿ ಬಣ್ಣದ ತರಿತರಿ ಗ್ರಾನೈಟು
ಅಂಗಾಲನ್ನು ಮಾತಾಡಿಸಿತು.
ಚೌಧರಿ ಮುಖ ಸಣ್ಣ ಮಾಡಿದ: "ಇದು ಪಾರ್ಕಿಂಗಿಗೆ ಹಾಕೋದು."
ಇರಲಿ. ನಮ್ಮನೆಯಲ್ಲೂ ರಾತ್ರಿ ಮೂವರು ಬಂದು ನಿಲ್ಲುತ್ತೇವೆ.

ಜೋಗಿಮಟ್ಟಿ ರಸ್ತೆಯ ಏರಿನ ಮನೆ.
ಹಾಲಿನಿಂದ ಅಡುಗೆಮನೆಗೆ ಮೂರು ಮೆಟ್ಟಿಲು,
ನಡುವಿನದು ಯಾರೂ ಕಟ್ಟಿದ್ದಲ್ಲ.
ಮಾವನವರು ಪಾಯ ತೋಡಿಸುವಾಗ
ಚಾಣ, ಸುತ್ತಿಗೆ, ಬೈಗುಳ
ಯಾವುದಕ್ಕೂ ಜಗ್ಗದೆ ಉಳಿದ ಬಂಡೆಯ ಮೊಣಕಾಲು.
"ಇರ್ಲಿ ಬಿಡ್ರೋ, ಮೆಟ್ಲಿಗಾಯ್ತು" ಅಂದರಂತೆ.

ದಾದಾಪೀರ್ ಅದಕ್ಕೂ ಕಲ್ಲು ಹೊದಿಸುವವನಿದ್ದ.
ಗಾರೆ ಕಚ್ಚಲೆಂದು ಮೈ ಒರಟು ಮಾಡಲು ಚಾಣ ಎತ್ತಿದವನು
ಹಾಗೇ ಬಗ್ಗಿ, ಅಂಗೈಯಿಂದ ಸವರಿದ.
ನೀರು ಚೆಲ್ಲಿದ. ಚಪ್ಪಲಿ ಬಿಟ್ಟು ಹತ್ತಿ ನಿಂತ.
(ಅಂಗಡಿಯ ಕಥೆ ನಾನು ಇವನಿಗೆ ಹೇಳಿರಲಿಲ್ಲ.)
"ಜಾರ್ತಾ ಇಲ್ಲ ಕಣಕ್ಕ. ಪಾಲಿಶೂ ಆಗೈತೆ.
ನಲವತ್ತು ವರ್ಷ ನಿಮ್ಮೋರೇ ಮಾಡವ್ರೆ, ಕೂಲಿ ಇಲ್ದೆ.
ನಾನಿದನ್ನ ಮುಟ್ಟಲ್ಲ."

ಆಮೇಲೆ ಟೇಪು ಎಳೆದು, ಕಿವಿಯ ಪೆನ್ಸಿಲ್ ತೆಗೆದು
ಗೋಡೆಯ ಮೇಲೆ ಬರೆದ: ಆರು, ಏಳು, ಆರು.
"ಕಲ್ಲು ಕೊಂಡ್ರಿ, ಅದರ ದಪ್ಪ ಲೆಕ್ಕ ಹಿಡೀಲಿಲ್ಲ.
ಹಾಲು ಒಂದೂವರೆ ಇಂಚು ಉಕ್ತದೆ.
ಅಡುಗೆಮನೇನೂ ಉಕ್ತದೆ. ಬಂಡೆ ಉಕ್ಕಲ್ಲ.
ಕೊನೇದು ಏಳೂವರೆ ಆದ್ರೆ
ಕುಕ್ಕರ್ ಹಿಡ್ಕೊಂಡು ಹತ್ತೋರ ಗತಿ?"

ಹಾಲಿನ ಅಡಿಯಲ್ಲಿ ಬರೀ ಬಂಡೆ. ಅಡುಗೆಮನೆ ಅಗೆದೆವು.
ಎರಡು ದಿನ ಹಳೆಯ ನೆಲದ ಕೆಂಪು
ಉಪ್ಪಿನ ಡಬ್ಬಿಗೂ ಇಳಿದು
ಮೊಸರನ್ನಕ್ಕೆ ಕುಂಕುಮದ ಬಣ್ಣ.
ಪಾಲಯ್ಯ ಮೊದಲು ಕೆಮ್ಮಿದ,
ಆಮೇಲೆ ಪಿಎಫ್ ಸಾಲದ ಕಂತು ನೆನಪಿಸಿದ.
ನಾನು ಮೊಸರು ಹಾಕಿದೆ, ಇನ್ನೊಂದು ಸೌಟು.

ಗೋಡೆಯ ಮೇಲೆ ಈಗ ಹಳೇ ಲೆಕ್ಕದ ಪಕ್ಕ ಹೊಸದು:
ಐದೂವರೆ, ಆರು, ಆರು.
ಬಣ್ಣ ಹೊಡೆಯುವಾಗಲೂ ಅಷ್ಟು ಜಾಗ ಬಿಡಿಸಿದ್ದೇನೆ.

ತಿಂಗಳಾಯಿತು. ನೆಂಟರು ಹತ್ತುತ್ತಾರೆ, ಇಳಿಯುತ್ತಾರೆ,
ಅವರಿಗೇನೂ ಆಗುವುದಿಲ್ಲ.
ಮನೆಯವರಾದ ನಮಗೇ ಧಪ್.
ಸಿಂಚನಾ ಮೊಬೈಲು ನೋಡುತ್ತಾ ಧಪ್.
ಪಾಲಯ್ಯ, ಮೊಣಕಾಲ ಕೆಳಗೆ ಆ ಬಂಡೆಯದೇ
ಹಳೇ ಗಾಯದ ಗುರುತಿರುವವನು, ಧಪ್.
ಏಳು ಅಂತ ಎತ್ತಿದ ಕಾಲು ಆರಕ್ಕೇ ನೆಲ ಮುಟ್ಟಿ
ಹಲ್ಲಿನವರೆಗೂ ಅದುರುತ್ತೆ.

ನಿನ್ನೆ ಕೊನೇ ಟ್ರಿಪ್ಪು ಮುಗಿಸಿ ಬಂದಾಗ ಕರೆಂಟಿಲ್ಲ.
ನೀರು ಕುಡಿಯಲು ಹೋದೆ. ಧಪ್.
"ಯಾರದು?"
"ನಾನೇ, ಮಲ್ಕೋ."

ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟು
ಇಳಿಯುವಾಗ ಇಸ್ಕೊಳ್ಳಿ ಅಂತ
ಎಷ್ಟು ಜನಕ್ಕೆ ಹೇಳಿಲ್ಲ ನಾನು.
ಮರೆತು ಇಳಿದವರೇ ಹೆಚ್ಚು.
ಈ ಕಾಲು ಮಾತ್ರ
ದಿನಾ ಆ ಬಂಡೆಯ ಎದುರು ನಿಂತು ಕೇಳುತ್ತೆ,
ಇನ್ನೊಂದು ಇಂಚು ಬರಬೇಕಿತ್ತಲ್ಲ.