ಮೊದಲ ಕಮಿಟ್

ಭೋಸರಿಯ ಬಾಡಿಗೆ ಖೋಲಿ, ರಾತ್ರಿ ಹನ್ನೊಂದೂವರೆ.
ಕುಕ್ಕರು ತಿಕ್ಕಿದ ಕೈ ಇನ್ನೂ ಒದ್ದೆ.
ಕಪ್ಪು ಪರದೆಗೆ ‘ಗಿಟ್ ಇನಿಟ್’ ಅಂದೆ;
ಖಾಲಿ ಭಂಡಾರ ಸಿದ್ಧ, ಅಂತು.
ಕಣ್ಣಿಗೇನೂ ಕಾಣಲಿಲ್ಲ.
ಹೆಸರಿನ ಮುಂದೆ ಚುಕ್ಕಿಯಿಟ್ಟ ಫೋಲ್ಡರು
ಸುಮ್ಮನೆ ಕರೆದರೆ ಹೊರಗೆ ಬರುವುದಿಲ್ಲ.

ಇದ್ದದ್ದೊಂದೇ ಫೈಲು, ಭಿಶಿಯ ಲೆಕ್ಕ.
ಸೇರಿಸಿದೆ. ಕಮಿಟ್ ಅಂದರೆ ತಡೆಯಿತು:
ಮೊದಲು ನೀನು ಯಾರು, ಹೇಳು.

ಬೆರಳು ನಿಂತವು.
ಮದುವೆಯ ದಿನ ತಾಟಿನ ಅಕ್ಕಿಯಲ್ಲಿ
ಇವರು ಉಂಗುರದಿಂದ ಬರೆದದ್ದು: ಸಾಯಲಿ.
ಆಧಾರಿನಲ್ಲಿ, ಗ್ಯಾಸ್ ಬುಕ್ಕಿನಲ್ಲಿ ಅದೇ.
ಆ ಅಕ್ಕಿ ಮರುದಿನ ಅನ್ನವಾಯಿತು,
ನಾನೂ ಉಂಡೆ.

ಒತ್ತಿದೆ: ನೀಲವ್ವ ಕಲ್ಲಪ್ಪ ಹೂಗಾರ.
ಯಂತ್ರ ಮರುಮಾತಾಡಲಿಲ್ಲ.

ಸಂದೇಶ ಕೇಳಿತು, ಬರೆದೆ:
‘ಭಿಶಿ ಶುರು. ಮಾಲನ್‌ಬಾಯಿಯ ಎರಡು ಕಂತು ಬಾಕಿ.’