ಚಳಿ ಮಾರುವವನ ಹೆಂಡತಿ

ಮೊದಲು ಎಲ್ಲರೂ ನಕ್ಕರು.
ರೂವಿಯ ಬೋಳು ಗುಡ್ಡ ಕಾದು ಹಂಚಾಗುವ ಊರಲ್ಲಿ
ಕೌದಿ ಮಾರ್ತಾಳಂತ, ಕೌದಿ!
ಹೊರಗೆ ಕಾಲಿಟ್ಟರೆ ಚಪ್ಪಲಿ ಮೆತ್ತಗಾಗುವ ಜೂನ್ ತಿಂಗಳು.

ಆದರೆ ನನ್ನ ಗಂಡ ಬಾಶಾಸಾಬ ಏಸಿ ರಿಪೇರಿಯವನು.
ಏಣಿ ಹೊತ್ತು ಮನೆಮನೆಗೆ ಹೋಗಿ
ಹದಿನೆಂಟು ಡಿಗ್ರಿ ಚಳಿ ತುಂಬಿಸಿ ಬರುತ್ತಾನೆ.
ಆ ಚಳಿಯಲ್ಲಿ ಜನ ನಡುಗುವುದನ್ನು
ಅವನೇ ಬಂದು ಹೇಳಿದ್ದು, ನಗುತ್ತ:
"ಬಟನ್ ಒತ್ತಿ ಕಡಿಮಿ ಮಾಡಾಕ ಬರೂದಿಲ್ಲೇನ ಇವರಿಗೆ,
ಚಾದರದ ಮ್ಯಾಲ ಚಾದರ ಹೊದ್ಕೋತಾರ!"

ನಾನು ಹೊಲಿಯುತ್ತಿದ್ದದ್ದು ಹೊತ್ತು ಹೋಗಲೆಂದು.
ಮಧ್ಯಾಹ್ನ ಕಿಟಕಿ ತೆಗೆಯುವಂತಿಲ್ಲ,
ಮಾತಾಡಿಸಲು ಗೋಡೆಯ ಮೇಲೊಂದು ಹಲ್ಲಿಯೂ ಇಲ್ಲ.
ಕೆಳಗಿನ ದರ್ಜಿ ಶಫೀಕುಲ್ ಎಸೆಯುವ ಚಿಂದಿಯ ಚೀಲದಲ್ಲಿ
ದಿಶ್‌ದಾಶದ ಬಿಳಿ, ಅಬಾಯದ ಕಪ್ಪು,
ಯಾರದೋ ಮದುವೆಯ ಗಿಳಿಹಸಿರು ಒಂದು ಗೇಣು.
ಅಪ್ಪ ಲಕ್ಷ್ಮೇಶ್ವರದಲ್ಲಿ ಅರಳೆ ಬಡಿಯುತ್ತಿದ್ದ ಪಿಂಜಾರ;
ಅವನ ಬಿಲ್ಲಿನ ಟೊಂಯ್ ಟೊಂಯ್
ಸೂಜಿ ಹಿಡಿದಾಗ ಮಾತ್ರ ಕಿವಿಗೆ ಬರುತ್ತದೆ.
ಅದಕ್ಕೇ ಹೊಲಿದೆ. ಬೇರೆ ಕಾರಣ ಇರಲಿಲ್ಲ.

ಮೇಲಿನ ಮಹಡಿಯ ನರ್ಸು ಮಾರಿಸೆಲ್
ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವಳು.
ಒಣಹಾಕಿದ ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿ
ಎಷ್ಟು ಅಂದಳು.
ನಿಮ್ಮ ಮನಸ್ಸಿಗೆ ಬಂದಷ್ಟು, ಅಂದೆ.
ಸಿಟ್ಟಾದಳು!
"ತಿಂಗಳ ಕೊನೆಗೆ ನಾನು ಆಸ್ಪತ್ರೆಗೆ ಹೇಳುತ್ತೇನಾ,
ಮನಸ್ಸಿಗೆ ಬಂದಷ್ಟು ಕೊಡಿ ಅಂತ?"

ಆ ರಾತ್ರಿ ಬಾಶಾಸಾಬ ಬಿಲ್‌ಬುಕ್ಕಿನ ಬೆನ್ನಿಗೆ ಲೆಕ್ಕ ಹಾಕಿದ.
ದಾರ ಇಷ್ಟು, ಅಸ್ತರು ಇಷ್ಟು, ತಾಸಿಗೆ ಇಷ್ಟು,
ಎಂಬತ್ತೆರಡು ರಿಯಾಲ್.
ಇಬ್ಬರೂ ಹೆದರಿ ಸುಮ್ಮನೆ ಕೂತೆವು.
"ನೀ ಗುನುಗೂ ಹೊತ್ತು ತಗೀಲೇನ?" ಅಂದ ಆಮೇಲೆ.
ತೆಗೆದೆವು.
ಚಹಾ ಆರಿಹೋದ ಹೊತ್ತು ತೆಗೆದೆವು.
ಬಣ್ಣ ಹೊಂದಲಿಲ್ಲವೆಂದು ಬಿಚ್ಚಿ ಮತ್ತೆ ಹೊಲಿದ ಹಟ ತೆಗೆದೆವು.
ಇಪ್ಪತ್ತೆರಡಕ್ಕೆ ಬಂದು ನಿಂತಿತು.
ಬೆರಳಿಗೆ ಚುಚ್ಚಿದ್ದು ಯಾವ ಖಾತೆಗೆ ಹೋಗಬೇಕೋ
ಅವನಿಗೂ ತಿಳಿಯಲಿಲ್ಲ.

ಐದನೆಯದು ವಾಪಸ್ಸು ಬಂತು.
ಒಗೆದಾಗ ಅಬಾಯದ ಕಪ್ಪು ಬಿಳಿಯೊಳಗೆ ಇಳಿದು
ಒಲೆ ಹಿಂದಿನ ಗೋಡೆಯಂತಾಗಿತ್ತು.
ದುಡ್ಡು ತಿರುಗಿ ಕೊಟ್ಟು, ಬಚ್ಚಲಲ್ಲಿ ನಳ ಬಿಟ್ಟು ಅತ್ತೆ.
ಮರುದಿನದಿಂದ ಕರಿ ಚಿಂದಿಗೆ ಉಪ್ಪುನೀರಿನ ಕುದಿ,
ನೀರು ತಿಳಿಯಾಗುವವರೆಗೆ.
ಹುಗ್ಗಿ ಮಾಡುವ ಪಾತ್ರೆ ಅದಕ್ಕೇ ಹೋಯಿತು.
ಹೋಗಲಿ.

ಮತ್ರಾದ ಜುವೈನಾ ಅಜ್ಜಿ ಮಾತ್ರ ಮೂಲೆ ಹಿಚುಕಿ
ಇದೇನು, ಕಲ್ಲೇ, ಅಂತ ಕೇಳಿದಳು.
ಕಲ್ಲಲ್ಲ, ಜೋಳ. ನಾಲ್ಕು ಕಾಳು.
ಕೌದಿ ಹಸಿದು ಮಲಗಬಾರದು ಅನ್ನುತ್ತಿದ್ದಳು ನಮ್ಮವ್ವ,
ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ.
ಅರ್ಧ ಅರಬ್ಬಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ.
ಅಜ್ಜಿ ಬಹಳ ಹೊತ್ತು ಆ ಮೂಲೆ ಬಿಡಲಿಲ್ಲ.
ಚೌಕಾಸಿಯನ್ನೂ ಬಿಡಲಿಲ್ಲ.

ಈಗ ಪರವಾನಗಿಯ ಕಾಗದ ಫ್ರಿಜ್ಜಿಗೆ ಅಂಟಿದೆ:
ದಾವಲಬಿ ನದಾಫ, ಹೊಲಿಗೆ.
ಮದರಸಾದಲ್ಲಿ ಬೆತ್ತದ ಏಟಿಗೆ ಕಲಿತ ಅಕ್ಷರದಲ್ಲಿ
ನನ್ನದೇ ಹೆಸರು ಓದಿದ್ದು ಇದೇ ಮೊದಲು.
ಹಾಲು ತೆಗೆಯಲು ಹೋದಾಗೆಲ್ಲ ಒಮ್ಮೆ ಓದುತ್ತೇನೆ.

ಬೆಳಿಗ್ಗೆ ಸೀಬಿನಿಂದ ಯಾರೋ ಫೋನು ಮಾಡಿದ್ದರು.
ಹಸಿರು ಹೆಚ್ಚಿರಲಿ, ಯಾವಾಗ ಸಿಗುತ್ತದೆ?
ಹದಿನೈದು ದಿನ ಬೇಕು, ಅಂದೆ.

ಎಂಟು ಸಾಕು ನನಗೆ.
ಅವತ್ತು ಲೆಕ್ಕದಿಂದ ತೆಗೆದುಹಾಕಿದ್ದಕ್ಕೆ
ಉಳಿದ ಏಳು.